ಮಾವ ಓದಿದ ಮೀಟರು

ನಮ್ಮ ಗೇಟಿನ ಒಳಗೆ, ಎಡಗಡೆ ಗೋಡೆಯ ಬುಡದಲ್ಲಿ ಒಂದು ಗುಂಡಿ ಇದೆ. ಅದಕ್ಕೊಂದು ಕಬ್ಬಿಣದ ಮುಚ್ಚಳ. ಒಳಗಿರುವುದು ನೀರಿನ ಮೀಟರು, ನಿಧಿಯೇನಲ್ಲ. ಆದರೂ ಆ ಮುಚ್ಚಳ ಎತ್ತುವ ಅಧಿಕಾರ ಮನೆಯಲ್ಲಿ ಮಾವನೊಬ್ಬರಿಗೇ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಒದ್ದೆ ಬಟ್ಟೆಯ ಬಕೆಟ್ಟನ್ನು ಅದರ ಮೇಲೆ ಇಟ್ಟುಬಿಟ್ಟಿದ್ದೆ. ಮನೆಗೆ ಬೆಂಕಿ ಹಚ್ಚಿದ್ದರೂ ಅಷ್ಟು ಅನ್ನಿಸಿಕೊಳ್ಳುತ್ತಿರಲಿಲ್ಲವೇನೋ.

ಮಾವ ಮೂವತ್ತನಾಲ್ಕು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್ ಆಗಿದ್ದವರು. ಊರಿನ ಅರ್ಧ ಗುಂಡಿಗಳಿಗೆ ಬಗ್ಗಿದ ಬೆನ್ನು ಇದು ಅಂತ ಬಂದವರಿಗೆಲ್ಲ ಬೆನ್ನು ತೋರಿಸುವರು. ನಿವೃತ್ತರಾದ ಮೇಲೂ ಚಾಳಿ ಬಿಡಲಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಗಿನ ಟೀ ಆದ ಮೇಲೆ ಹಳೆ ಟವೆಲ್ಲು ಹಾಸಿ, ಮಂಡಿಯೂರಿ, ನಮ್ಮ ಮೀಟರು ಓದಿ, ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎರಡು ಮೂರು ದಿನಕ್ಕೆ ಕಚೇರಿಯಿಂದ ರೀಡರ್ ಬರುತ್ತಿದ್ದ. ಅವನು ಮಾವನ ಕೈಕೆಳಗೆ ಕೆಲಸ ಕಲಿತವನು, ಮನೆಯಲ್ಲೆಲ್ಲ ಅವನಿಗೆ ಶಿಷ್ಯ ಅಂತಲೇ ಹೆಸರು. ಶಿಷ್ಯ ಮುಚ್ಚಳದ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಗುರುವಿನ ಮನೆಯ ಮೀಟರನ್ನು ತಾನು ಬಗ್ಗಿ ನೋಡಿದರೆ ಗುರುವನ್ನೇ ಅನುಮಾನಿಸಿದ ಹಾಗೆ ಅಂತ ಅವನ ಲೆಕ್ಕ. ವರಾಂಡದಲ್ಲಿ ಕೂತು ಟೀ ಕುಡಿದು, ಮಾವ ಹೇಳಿದ ಅಂಕಿ ಬರೆದುಕೊಂಡು, ಕಾಲು ಮುಟ್ಟುವುದೊಂದು ಬಾಕಿ ಅನ್ನುವ ಹಾಗೆ ಬಗ್ಗಿ ಹೋಗುತ್ತಿದ್ದ.

ಆ ಶಿಷ್ಯನಿಗೆ ಬೇರೆ ಕಡೆ ವರ್ಗವಾಯಿತು. ಅವನ ಜಾಗಕ್ಕೆ ಬಂದವಳು ಹೆಲ್ಮೆಟ್ ಹಾಕಿಕೊಂಡ ಒಬ್ಬ ಹುಡುಗಿ. ಒಂದು ಶುಕ್ರವಾರ ಮಧ್ಯಾಹ್ನ ಗೇಟು ತಳ್ಳಿಕೊಂಡು ಬಂದಳು. ಮಾವ ವರಾಂಡದಿಂದಲೇ, ಬರ್ಕೋಮ್ಮ, ಸಾವಿರದ ನಾನೂರ ಅರವತ್ತೆರಡು ಅಂದರು. ಅವಳು ನಕ್ಕು, ಈಗೆಲ್ಲ ಫೋಟೋ ತೆಗೆಯಬೇಕು ಸರ್, ಬಾಯಿಮಾತನ್ನು ಮಿಷನ್ ತೆಗೆದುಕೊಳ್ಳುವುದಿಲ್ಲ ಅಂದಳು. ಮಾವ ಎದ್ದು ಬರುವಷ್ಟರಲ್ಲಿ ಕೊಕ್ಕೆ ಹಾಕಿ ಮುಚ್ಚಳ ಎತ್ತಿಯೇಬಿಟ್ಟಿದ್ದಳು. ನಾನು ಕೆಲಸದಿಂದ ಬಂದು ಬಟ್ಟೆ ಒಣಹಾಕುತ್ತಿದ್ದೆ.

"ಸರ್, ಇಲ್ಲಿ ಸಾವಿರದ ಆರುನೂರ ಆರು ಇದೆ."

"ಕೆಂಪು ಸೇರಿಸ್ಕೊಂಡಿದೀಯ," ಅಂದರು ಮಾವ.

"ಕೆಂಪು ಬಿಟ್ಟೇ ಓದಿದೀನಿ ಸರ್."

ಆಗ ಶುರುವಾಯಿತು ಪಾಠ. ಕಪ್ಪು ಅಂಕಿ ಸಾವಿರ ಲೀಟರಿನ ಲೆಕ್ಕ, ಒಂದು ಅಂಕಿ ತಿರುಗಿದರೆ ಒಂದು ಯೂನಿಟ್ಟು. ಕೆಂಪು ಅಂಕಿ ಚಿಲ್ಲರೆ ಲೀಟರು, ಬಿಲ್ಲಿಗೆ ಬೇಕಿಲ್ಲ. ಅಂಕಿ ಎರಡರ ಮಧ್ಯೆ ನಿಂತಿದ್ದರೆ ಚಿಕ್ಕದನ್ನು ಹಿಡಿಯಬೇಕು. ಆ ಹುಡುಗಿ ಪಾಪ ಎಲ್ಲದಕ್ಕೂ ತಲೆಯಾಡಿಸಿದಳು. ಕೊನೆಗೆ, ನೀವು ಹೇಳಿದ್ದಕ್ಕಿಂತ ನೂರ ನಲವತ್ತನಾಲ್ಕು ಯೂನಿಟ್ಟು ಜಾಸ್ತಿ ಇದೆ ಸರ್, ಎಲ್ಲೋ ಪೈಪು ಒಡೆದಿರಬೇಕು, ಹುಡುಕಿಸಿ, ಎರಡು ವಾರ ಬಿಟ್ಟು ಬಂದು ನೋಡುತ್ತೇನೆ, ಅಲ್ಲಿಯವರೆಗೆ ಬರೆಯುವುದಿಲ್ಲ ಅಂತ ಹೇಳಿ ಹೋದಳು. ಒಳ್ಳೆಯವಳು. ಮಾವ ಮಾತ್ರ ನಿನ್ನೆ ಮೊನ್ನೆ ಬಂದ ಪಿಳ್ಳೆ ಅಂತ ಅವಳನ್ನು ಬೈದುಕೊಂಡು ಒಳಗೆ ಹೋದರು.

ಅವತ್ತು ಊಟಕ್ಕೆ ಕೂತಾಗ ಎಲ್ಲರಿಗೂ ಅದೇ ಮಾತು. ಒಂದು ಲಕ್ಷ ನಲವತ್ತನಾಲ್ಕು ಸಾವಿರ ಲೀಟರು ನೀರು ನಮ್ಮ ಮನೆಯ ಅಡಿಯಲ್ಲೇ ಹರಿದಿದ್ದರೆ ಪಾಯ ಏನಾಗಿರಬೇಡ? ಅತ್ತೆ ಪಲ್ಯ ಬಡಿಸುವುದನ್ನು ಬಿಟ್ಟು ನೆಲಕ್ಕೆ ಕೈಯಿಟ್ಟು ನೋಡಿದರು, ತಣ್ಣಗಿದೆ ಅಂದರು. ನೆಲ ತಣ್ಣಗಿರದೆ ಬಿಸಿ ಇರುತ್ತದೆಯೇ? ಆಮೇಲೆ ಅವರ ಕಣ್ಣು ನನ್ನ ಬಟ್ಟೆ ಒಗೆಯುವ ಮಿಷನ್ ಮೇಲೆ ಬಿತ್ತು. ಎರಡು ವರ್ಷದ ಹಿಂದೆ ಅದು ಬಂದ ದಿನದಿಂದ ನೀರು ನೀರಿನ ಹಾಗೆ ಖರ್ಚಾಗುತ್ತಿದೆ ಅಂದರು. ಕೈಯಲ್ಲಿ ಒಗೆದು ಬೆಳಗಿನ ಆರಕ್ಕೆ ಕೆಲಸಕ್ಕೆ ಹೋಗಿ ತೋರಿಸಿ ಅಂತ ನಾನೂ ಅಂದೆ. ನನ್ನ ಗಂಡ ಇಬ್ಬರಿಗೂ ಸುಮ್ಮನಿರಿ ಅಂದ. ಅವನು ಲಿಫ್ಟ್ ಮೆಕ್ಯಾನಿಕ್. ಎಲ್ಲೋ ಸಿಕ್ಕಿಹಾಕಿಕೊಂಡವರನ್ನು ಇಳಿಸುವುದೇ ಅವನ ಕಸುಬು, ಮನೆಯಲ್ಲಿ ಮಾತ್ರ ಕೈಚೆಲ್ಲಿ ಕೂರುತ್ತಾನೆ.

ಭಾನುವಾರ ಅವನು ಮೇಲಿನ ಟ್ಯಾಂಕಿಗೆ ಹೋಗುವ ವಾಲ್ವ್ ಮುಚ್ಚಿ, ಮನೆಯ ಅಷ್ಟೂ ನಲ್ಲಿ ಬಿಗಿದು, ಟಾರ್ಚು ಹಿಡಿದು ಗುಂಡಿಯ ಮುಂದೆ ಬೋರಲು ಮಲಗಿದ. ಮೀಟರಿನ ಗಾಜಿನೊಳಗೆ ಒಂದು ಪುಟ್ಟ ನಕ್ಷತ್ರದಂಥ ಚಕ್ರ ಇರುತ್ತದೆ, ಒಂದು ಹನಿ ಹರಿದರೂ ಅದು ತಿರುಗುತ್ತದೆ. ಅರ್ಧ ಗಂಟೆ ನೋಡಿದ. ಚಕ್ರ ಅಲುಗಲಿಲ್ಲ. ಪೈಪು ಒಡೆದಿಲ್ಲ. ಅಂಕಿ ಸಾವಿರದ ಆರುನೂರ ಎಂಟು. ಆ ಹುಡುಗಿ ಹೇಳಿದ್ದು ಸರಿಯಾಗಿತ್ತು. ಹಾಗಾದರೆ ಮೀಟರೇ ಕೆಟ್ಟಿದೆ, ಸುಳ್ಳು ಸುಳ್ಳೇ ಓಡುತ್ತಿದೆ, ಬದಲಾಯಿಸಲು ಅರ್ಜಿ ಬರೆಯೋಣ ಅಂದರು ಮಾವ. ಎಲ್ಲರಿಗೂ ಉಸಿರು ಬಂತು. ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮಂಗಳವಾರ ಮಧ್ಯಾಹ್ನ ಮಾವ ಸ್ಕೂಟರ್ ತೆಗೆದುಕೊಂಡು ನನ್ನ ಮಗಳನ್ನು ಸ್ಕೂಲಿನಿಂದ ಕರೆತರಲು ಹೋಗಿದ್ದರು. ದಿನಾ ಅವಳನ್ನು ಬಿಡುವುದೂ ಕರೆತರುವುದೂ ಅವರದೇ ಕೆಲಸ. ಮಗಳಿಗೆ ಏಳು ವರ್ಷ. ಮಾತಿನ ಖಾರಕ್ಕೆ ಮಾವನೇ ಅವಳಿಗೆ ಮೆಣಸು ಅಂತ ಹೆಸರಿಟ್ಟಿದ್ದರು. ಅರ್ಜಿಗೆ ಹಳೆಯ ಅಂಕಿಗಳು ಬೇಕಲ್ಲ ಅಂತ ಅತ್ತೆಯನ್ನು ಕೇಳಿದೆ. ಅಲ್ಮೇರಾದಲ್ಲಿದೆ, ತಗೋ ಅಂದರು. ಆ ಉದ್ದನೆಯ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು.

ಕೊನೆಯ ಅಂಕಿ 1462. ಅದರ ಹಿಂದಿನ ತಿಂಗಳು 1444. ಅದರ ಹಿಂದೆ 1426. ಅದರ ಹಿಂದೆ 1408. ನಾನು ಕಳೆಯುತ್ತಾ ಹೋದೆ. ಹದಿನೆಂಟು, ಹದಿನೆಂಟು, ಹದಿನೆಂಟು. ನನ್ನ ನಾದಿನಿಯ ಸಂಸಾರ ಬಂದು ಒಂದು ತಿಂಗಳು ಇದ್ದು ಹೋದಾಗಲೂ ಹದಿನೆಂಟು. ನಾವೆಲ್ಲ ಹತ್ತು ದಿನ ಮನೆಗೆ ಬೀಗ ಹಾಕಿ ಹೋದಾಗಲೂ ಹದಿನೆಂಟು. ಸರಿಯಾಗಿ ಎರಡು ವರ್ಷ. ಅದಕ್ಕೂ ಹಿಂದಿನ ಪುಟಗಳಲ್ಲಿ ಹದಿನೇಳು, ಇಪ್ಪತ್ತೊಂದು, ಹತ್ತೊಂಬತ್ತು, ಹದಿನಾರು, ಮನುಷ್ಯರು ನೀರು ಬಳಸಿದ ಹಾಗಿತ್ತು. ಅಲ್ಲೆಲ್ಲ ಅಂಕಿಗಳು ಗೆರೆಯ ಮೇಲೆ ನೆಟ್ಟಗೆ ಕೂತಿದ್ದವು. ಈಚಿನವು ಗೆರೆ ದಾಟಿ, ಒಂದರ ಮೇಲೊಂದು ಹತ್ತಿ, ಅಂಚಿನಿಂದ ಹೊರಗೆ ಜಾರಿದ್ದವು.

ಮಾವನೇ ಹಿಂದೆ ಎಷ್ಟೋ ಸಲ ಹೇಳಿದ್ದರು. ಮನೆಗೆ ಬೀಗ ಹಾಕಿದ್ದರೆ ರೀಡರ್ ಏನು ಮಾಡುತ್ತಾನೆ? ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಅಂದಾಜಿಗೆ ಒಂದು ಅಂಕಿ ಕೂಡಿಸಿ ಬರೆಯುತ್ತಾನೆ. ಮೀಟರು ಕಾಣದಿದ್ದರೆ ಅದೇ ದಾರಿ. ಈ ಮನುಷ್ಯ ಎರಡು ವರ್ಷದಿಂದ ತಮ್ಮ ಮನೆಗೇ ಬೀಗ ಹಾಕಿದೆ ಅಂತ ಬರೆದಿದ್ದಾರೆ.

ಯಾಕೆ ಅಂತ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಸೋಮಾರಿತನ ಅಂದುಕೊಂಡೆ, ವಯಸ್ಸಾಯಿತು, ಮಂಡಿ ಬಗ್ಗುವುದಿಲ್ಲ ಅಂದುಕೊಂಡೆ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಪೇಪರನ್ನು ಮೆಣಸಿನ ಕೈಯಲ್ಲಿ ಜೋರಾಗಿ ಓದಿಸುವುದು. ಮಗುವಿನ ಓದು ಸುಧಾರಿಸಲಿ ಅಂತ ನಾವು ಹೆಮ್ಮೆಪಟ್ಟಿದ್ದೆವು. ಟೀವಿಯ ಮುಂದೆ ಮುಖ ಓರೆ ಮಾಡಿ ಕೂರುವುದು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂರುತ್ತಿದ್ದವರು ಬಿಟ್ಟಿದ್ದು. ನಾನು ಬಾಗಿಲಲ್ಲಿ ನಿಂತರೆ ನಾನೇ ಮಾತಾಡುವವರೆಗೆ ಮಾತಾಡಿಸದಿರುವುದು; ಸೊಸೆ ಅಂದರೆ ಅಷ್ಟಕ್ಕಷ್ಟೇ ಅಂತ ನಾನು ಸಿಡುಕಿದ್ದೆ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಪ್ಪ ಕೈಯೊಳಗೆ ಕಾಣದ ನರವನ್ನು ಬೆರಳ ತುದಿಯಲ್ಲಿ ಹುಡುಕಿ ಸೂಜಿ ಹಾಕುತ್ತೇನೆ, ಮಹಾ ಜಾಣೆ. ಮನೆಯಲ್ಲಿ ಎದುರಿಗಿದ್ದದ್ದು ಕಾಣಲಿಲ್ಲ.

ಆಗಲೇ ಗೇಟಿನ ಹತ್ತಿರ ಸ್ಕೂಟರಿನ ಸದ್ದಾಯಿತು. ಪುಸ್ತಕ ಹಿಡಿದುಕೊಂಡೇ ಕಿಟಕಿಗೆ ಓಡಿದೆ. ಮೆಣಸು ಎಂದಿನಂತೆ ಮುಂದೆ, ಹ್ಯಾಂಡಲ್ ಹಿಡಿದು ನಿಂತಿದ್ದಳು. ಮಾವ ಸಲೀಸಾಗಿ ಗೇಟಿನೊಳಗೆ ತಂದು ನಿಲ್ಲಿಸಿದರು. ಕಂಬಕ್ಕೆ ತಗುಲಿಸಲಿಲ್ಲ, ಗೋಡೆಗೆ ಉಜ್ಜಲಿಲ್ಲ. ನಾನೇ ಹುಚ್ಚಿ, ಸುಮ್ಮನೆ ಏನೇನೋ ಯೋಚಿಸುತ್ತೇನೆ ಅಂತ ಪುಸ್ತಕ ಅಲ್ಮೇರಾದಲ್ಲಿಟ್ಟೆ.

ಹಾಗೆ ಅಂದುಕೊಂಡೇ ಬುಧವಾರ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋದೆ. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ. ಎಂಟೂವರೆ ಆಯಿತು, ಮಾವ ಮಗುವನ್ನು ಕರೆದುಕೊಂಡು ಹೊರಡುವ ಹೊತ್ತು. ಮನೆಯಿಂದ ಸ್ಕೂಲಿಗೆ ಎರಡು ಸಿಗ್ನಲ್ಲು, ಒಂದು ಮೇಲ್ಸೇತುವೆ, ಲಾರಿಗಳು ತಿರುಗುವ ಒಂದು ಮೂಲೆ. ಎದುರಿಗೆ ಕೂತಿದ್ದ ಮುದುಕಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಆಕೆ ಅತ್ತರು. ನಾನು ಸಿರಿಂಜು ಕೆಳಗಿಟ್ಟು ಹೊರಗೆ ಹೋಗಿ ಸ್ಕೂಲಿನ ಆಫೀಸಿಗೆ ಫೋನ್ ಮಾಡಿದೆ. ನನ್ನ ಮಗಳು ಬಂದಿದ್ದಾಳಾ ಅಂತ ಕೇಳಿದೆ. ಇನ್ನೂ ಗಂಟೆ ಆಗಿಲ್ಲ ಅಂದರು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಮೂರನೆಯ ಸಲ ಆ ಗುಮಾಸ್ತೆ, ನೋಡಿ, ನಮಗೆ ಬೇರೆ ಕೆಲಸ ಇಲ್ವಾ ಅಂತ ಗದರಿಸಿ, ತರಗತಿಗೆ ಹೋಗಿ ನೋಡಿ ಬಂದು, ಇದ್ದಾಳೆ ಅಂದಳು. ಮಧ್ಯಾಹ್ನದ ಪಾಳಿಯವಳಿಗೆ ಕೈಮುಗಿದು ನನ್ನ ಕೊನೆಯ ಗಂಟೆ ಕೊಟ್ಟು, ಬಸ್ಸು ಹಿಡಿದು, ವಾಪಸ್ಸು ನಾನೇ ಮಗುವನ್ನು ಕರೆದುಕೊಂಡು ಬಂದೆ. ಸ್ಕೂಲಿನ ಗೇಟಿಗೆ ಬಂದ ಮಾವ ಬರಿ ಸ್ಕೂಟರಿನಲ್ಲಿ ಹಿಂದಿರುಗಬೇಕಾಯಿತು. ಅವತ್ತು ಅವರು ಮನೆ ತಲುಪಲು ಒಂದು ಗಂಟೆ ಹಿಡಿಯಿತು. ದಾರಿಯಲ್ಲಿ ಯಾರೋ ಸಿಕ್ಕಿದ್ದರು ಅಂದರು.

ಸಂಜೆ ಗಂಡನಿಗೆ ಹೇಳಿದೆ. ಅವನು ಸ್ಪಾನರ್ ಒರೆಸುತ್ತಾ ಕೇಳಿದ, ಕೇಳಿ ನಕ್ಕ.

"ಅಪ್ಪ ಕಣ್ಣು ಮುಚ್ಕೊಂಡೂ ಆ ಗಾಡಿ ಓಡಿಸ್ತಾರೆ ಕಣೇ."

"ಅದನ್ನೇ ರೀ ನಾನು ಹೇಳ್ತಿರೋದು."

ಅವನ ನಗು ನಿಂತಿತು. ಆದರೆ ಒಪ್ಪಲಿಲ್ಲ. ಒಂದು ಪುಸ್ತಕದ ಅಂಕಿ ಹಿಡಿದುಕೊಂಡು ಮನುಷ್ಯನನ್ನು ಕುರುಡ ಮಾಡುತ್ತೀಯಾ, ಅಪ್ಪನ ಮುಂದೆ ಈ ಮಾತು ಹೇಗೆ ಎತ್ತಲಿ, ಅವರಿಗೆ ಈ ಮನೆಯಲ್ಲಿ ಉಳಿದಿರುವುದೇ ಆ ಒಂದು ಕೆಲಸ ಅಂದ. ನೀನು ಬೆಳಗಿನ ಪಾಳಿ ಬಿಡುತ್ತೀಯಾ, ನಾನು ಬಿಡಲಾ ಅಂತಲೂ ಕೇಳಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆತ್ತವಳಿಗೆ ಪಾಳಿಯ ಲೆಕ್ಕ ಹೇಳುತ್ತಾನಲ್ಲ ಅನ್ನಿಸಿತು. ಸಿಟ್ಟಿನಲ್ಲೇ ಹೋಗಿ ಸ್ಕೂಟರಿನ ಹಿಂದಿನ ಚಕ್ರದ ಗಾಳಿ ಬಿಟ್ಟುಬಿಟ್ಟೆ.

ಗುರುವಾರ ನಾನು ಕೆಲಸಕ್ಕೆ ಹೋದದ್ದು ಆ ಧೈರ್ಯದ ಮೇಲೆ. ಮಾವ ಮಾಡಿದ್ದೇನು? ಪಂಪು ಹುಡುಕಿ ತೆಗೆದು, ಚಕ್ರವನ್ನು ಕೈಯಲ್ಲಿ ತಡವಿ, ಗಾಳಿ ತುಂಬಿ, ಹತ್ತು ನಿಮಿಷ ತಡವಾಗಿದ್ದಕ್ಕೆ ಎಂದಿಗಿಂತ ಜೋರಾಗಿ ಓಡಿಸಿಕೊಂಡು ಹೋದರಂತೆ. ಅತ್ತೆ ಅದನ್ನು ನನಗೆ ಹೇಳಿದ್ದು ಗಂಡನ ಸಾಹಸ ಅಂತ. ಶುಕ್ರವಾರ ರಜೆ ಹಾಕಿ ನಾನೇ ನಡೆಸಿಕೊಂಡು ಬಿಟ್ಟುಬಂದೆ. ದಿನಾ ರಜೆ ಯಾರು ಕೊಡುತ್ತಾರೆ? ಶನಿವಾರ ಬೆಳಿಗ್ಗೆ, ಏನಾದರಾಗಲಿ ಅಂತ ನಿರ್ಧಾರ ಮಾಡಿದೆ.

ಮಾವ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಹೋಗಿ ಮುಚ್ಚಳ ಎತ್ತಿದೆ. ಒಳಗೆ ಒದ್ದೆ ಮಣ್ಣಿನ ವಾಸನೆ, ಒಂದು ಜೇಡ. ಗಾಜು ಒರೆಸಿ ಓದಿದೆ: ಸಾವಿರದ ಆರುನೂರ ಹನ್ನೊಂದು. ಎರಡು ಸಲ ಓದಿದೆ. ಆಮೇಲೆ ಪೆನ್ನು ಕಾಗದ ಹಿಡಿದು ಮಾವನನ್ನು ಕರೆದೆ.

"ಮಾವ, ಅರ್ಜಿಗೆ ಇವತ್ತಿನ ಅಂಕಿ ಬೇಕು. ನಂಗೆ ಸಾವಿರದ ಆರುನೂರ ಮೂವತ್ತೊಂದು ಅಂತ ಕಾಣ್ತು. ನೀವೊಂದ್ಸಲ ನೋಡಿ ಹೇಳಿಬಿಡಿ."

ಬೇಕೆಂದೇ ಸುಳ್ಳು ಹೇಳಿದ್ದೆ. ಸರಿಯಾದ ಅಂಕಿಯನ್ನೇ ಹೇಳಲಿ ದೇವರೇ, ನನಗೆ ಬೈಯಲಿ, ಕಣ್ಣಿಲ್ವಾ ನಿಂಗೆ ಅನ್ನಲಿ ಅಂತ ಒಳಗೇ ಬೇಡಿಕೊಳ್ಳುತ್ತಿದ್ದೆ. ಮಾವ ಟವೆಲ್ಲು ಹಾಸಿದರು. ಮಂಡಿಯೂರಿದರು. ಹೆಬ್ಬೆರಳಿನಿಂದ ಗಾಜನ್ನು ಒರೆಸಿ, ಕತ್ತನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ತುಂಬಾ ಹೊತ್ತು ನೋಡಿದರು. ಮೂವತ್ತನಾಲ್ಕು ವರ್ಷದ ಠೀವಿ ಅದು, ಏನೂ ಕಡಿಮೆಯಾಗಿರಲಿಲ್ಲ.

"ಸರಿಯಾಗೇ ಓದಿದೀಯಮ್ಮ. ಸಾವಿರದ ಆರುನೂರ ಮೂವತ್ತೊಂದು. ಕೆಂಪು ಬಿಟ್ಟು ಓದಿದೀಯ, ಜಾಣೆ."

ಆ ಹೊಗಳಿಕೆ ಕೇಳಿ ನನಗೆ ಅಳು ಬಂದುಬಿಟ್ಟಿತು. ಹೊಗಳಿಸಿಕೊಳ್ಳಲು ಹನ್ನೊಂದು ವರ್ಷ ಕಾದಿದ್ದೆ. ಅದು ಬಂದದ್ದು ಹೀಗೆ.

"ಮಾವ," ಅಂದೆ, "ಅಲ್ಲಿರೋದು ಸಾವಿರದ ಆರುನೂರ ಹನ್ನೊಂದು."

ಅವರು ಮೇಲೇಳಲಿಲ್ಲ. ಗುಂಡಿಯ ಅಂಚನ್ನು ಹಿಡಿದುಕೊಂಡೇ ಇದ್ದರು. ಬೈಯುತ್ತಾರೆ ಅಂತ ಕಾದೆ. ನನ್ನನ್ನು ಪರೀಕ್ಷೆ ಮಾಡಿದೆಯಾ ಅಂತ ಕೂಗುತ್ತಾರೆ ಅಂತ ಕಾದೆ. ಕೂಗಿದ್ದರೆ ನಾನೂ ಕೂಗಬಹುದಿತ್ತು.

"ನಡುವೆ ಕಾಣಲ್ಲ," ಅಂದರು ಕೊನೆಗೆ. "ಅಂಚಲ್ಲಿ ಕಾಣುತ್ತೆ. ನಿನ್ನ ಕಡೆ ನೋಡಿದ್ರೆ ಕಿವಿ ಇರುತ್ತೆ, ಕೂದಲು ಇರುತ್ತೆ. ಮುಖ ಇರಲ್ಲ."

"ಮತ್ತೆ ರಸ್ತೆ?"

"ರಸ್ತೆ ಬೇರೆ. ರಸ್ತೆ ಅಭ್ಯಾಸ ಇದೆ."

"ಎದುರಿಗೆ ಬರೋ ಲಾರಿಗೆ ಅಭ್ಯಾಸ ಇರುತ್ತಾ ಮಾವ?"

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. ಅವರಿಗೆ ಅರ್ಧ ಗೊತ್ತಿತ್ತು. ತಟ್ಟೆಯಲ್ಲಿ ಅನ್ನ ಎಡಕ್ಕೆ, ಪಲ್ಯ ಬಲಕ್ಕೆ, ನೀರಿನ ಲೋಟ ಹನ್ನೆರಡು ಗಂಟೆಯ ಜಾಗಕ್ಕೆ ಎರಡು ವರ್ಷದಿಂದ ತಪ್ಪದೆ ಇಟ್ಟವರು ಅವರೇ. ಹತ್ತಿರದ್ದು ಕಾಣುವುದಿಲ್ಲ, ದೂರದ್ದು ಚೆನ್ನಾಗಿ ಕಾಣುತ್ತದೆ ಅಂತ ಮಾವ ಅವರನ್ನು ನಂಬಿಸಿದ್ದರು. ಅತ್ತೆ ನಂಬಿದ್ದರು, ನಂಬಲೇಬೇಕಿತ್ತು. ಈಗ ಇಬ್ಬರಿಗೂ ಜಗಳ ಶುರುವಾಯಿತು, ನನಗೂ ಅತ್ತೆಗೂ. ಗಂಡಸನ್ನು ಅಂಗಳದಲ್ಲಿ ಮಂಡಿಯೂರಿಸಿ ಮರ್ಯಾದೆ ತೆಗೆದೆ ಅಂದರು. ಕಣ್ಣು ಕಾಣದವರ ಗಾಡಿಗೆ ಮಗುವನ್ನು ಕಟ್ಟಿ ಕಳಿಸಿದ್ದೀರಲ್ಲ, ನಿಮಗೆ ಕರುಳಿಲ್ಲವಾ ಅಂದೆ. ಆ ಮಾತು ಆಡಬಾರದಿತ್ತು. ಅತ್ತೆಯ ಬಣ್ಣವೇ ಇಳಿದುಹೋಯಿತು. ಸೌಟನ್ನು ನೆಲಕ್ಕಿಟ್ಟು ಗಂಡನ ಹತ್ತಿರ ಹೋದರು.

"ದೂರದ್ದು ಕಾಣುತ್ತೆ ಅಂದಿದ್ರಲ್ಲ ನೀವು. ನನ್ನ ಮೇಲೆ ಆಣೆ ಇಟ್ಟು ಹೇಳಿ."

ಮಾವ ಆಣೆ ಇಡಲಿಲ್ಲ.

ಸೋಮವಾರ ಕಣ್ಣಿನ ಆಸ್ಪತ್ರೆಗೆ ಹೋದೆವು. ಗಂಡನೂ ರಜೆ ಹಾಕಿ ಬಂದ. ಕತ್ತಲೆ ಕೋಣೆಯಲ್ಲಿ ಮಾವನನ್ನು ಕೂರಿಸಿ, ಎದುರಿನ ಪರದೆಯ ಮೇಲೆ ಅಕ್ಷರ ಬಿಟ್ಟರು. ಅಂಗೈಯಗಲದ ಒಂದೇ ಅಕ್ಷರ. ಮಾವ ಗೋಡೆ ಯಾವುದು ಅಂತ ಕೇಳಿದರು. ನನ್ನ ಗಂಡ ಎದ್ದು ಹೊರಗೆ ಹೋದ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡೂ ಕಣ್ಣಿನ ನಡುಭಾಗ ಒಣಗಿದೆ, ಹೋದದ್ದು ಬರುವುದಿಲ್ಲ, ಎರಡು ವರ್ಷದ ಹಿಂದೆ ಬಂದಿದ್ದರೆ ಒಂದಷ್ಟು ಉಳಿಸಬಹುದಿತ್ತು ಅಂದರು ಡಾಕ್ಟರಮ್ಮ. ಮನೆಯಲ್ಲೇ ಇರುತ್ತಾರಲ್ಲ, ಬಚ್ಚಲಲ್ಲಿ ಜಾರದ ಹಾಗೆ ನೋಡಿಕೊಳ್ಳಿ ಅಂತಲೂ ಹೇಳಿದರು. ಮೊನ್ನೆಯವರೆಗೂ ಸ್ಕೂಟರ್ ಓಡಿಸುತ್ತಿದ್ದರು ಅಂತ ನಾನು ಹೇಳಿದೆ. ಆಕೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು, ನಂಬಲಿಲ್ಲ. ಈ ಕಣ್ಣಿನಲ್ಲಿ ಸಾಧ್ಯವೇ ಇಲ್ಲ ಅಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಅದೇ ಯೋಚನೆ. ಎರಡು ವರ್ಷ, ದಿನಕ್ಕೆ ಎರಡು ಸಲ, ಒಂದು ಗೀರೂ ಇಲ್ಲದೆ. ಅಪ್ಪನ ಅಭ್ಯಾಸ ಅಂದರೆ ಸುಮ್ಮನೆ ಅಲ್ಲ ಅಂತ ಗಂಡ ಕಣ್ಣೊರೆಸಿಕೊಂಡು ಹೆಮ್ಮೆಯಿಂದಲೇ ಹೇಳಿದ. ನಾನು ಹಲ್ಲು ಕಚ್ಚಿಕೊಂಡೆ.

ಮೂರು ದಿನ ಮಾವ ಸರಿಯಾಗಿ ಉಣ್ಣಲಿಲ್ಲ. ಸ್ಕೂಟರಿನ ಕೀ ಅವರ ಅಂಗಿಯ ಜೇಬಿನಲ್ಲೇ ಇತ್ತು. ಕೇಳಲು ಯಾರಿಗೂ ಬಾಯಿ ಬರಲಿಲ್ಲ. ನಾನು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡೆ. ಸಂಬಳ ಕಡಿಮೆ, ಬೆಳಗಿನ ರೋಗಿಗಳ ಸಂಖ್ಯೆ ಮೇಲೆ ಸಿಗುತ್ತಿದ್ದ ಭತ್ಯೆಯೂ ಹೋಯಿತು. ಗಂಡ ಮೂರು ಗಂಟೆಗೆ ಸ್ಕೂಲಿಗೆ ಹೋಗಲು ತನ್ನ ಮೇಸ್ತ್ರಿಯನ್ನು ಒಪ್ಪಿಸಿಕೊಂಡು ಬಂದ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ಗುರುವಾರ ಬೆಳಿಗ್ಗೆ ನನ್ನ ಮುಂದೆ ಟೀ ಇಟ್ಟು, ನಂಗೆ ಮೊದ್ಲೇ ಹೇಳಿದ್ರೆ ನಾನೇ ಗಾಡಿ ಮಾರಿಬಿಡ್ತಿದ್ದೆ ಅಂದರು. ಅದು ಕ್ಷಮೆ ಕೇಳಿದ್ದಾ, ನನ್ನನ್ನು ಬೈದದ್ದಾ, ನನಗೆ ತಿಳಿಯಲಿಲ್ಲ. ಟೀ ಕುಡಿದೆ.

ಅವತ್ತು ಸಂಜೆ ಮಾವನೇ ನನ್ನನ್ನು ವರಾಂಡಕ್ಕೆ ಕರೆದರು. ಕೀ ತೆಗೆದು ಚಾಚಿದರು. ನಾನು ನಿಂತ ಜಾಗಕ್ಕಿಂತ ಒಂದು ಗೇಣು ಆಚೆಗೆ ಚಾಚಿದರು. ನಾನು ಕೈ ಸರಿಸಿ ತೆಗೆದುಕೊಂಡೆ.

"ಬೀದೀಲಿ ಯಾರಾದ್ರೂ ಕೇಳಿದ್ರೆ ಮಂಡಿ ನೋವು ಅನ್ನು."

"ಹಾಗೇ ಹೇಳ್ತೀನಿ ಮಾವ."

"ಆ ಹುಡುಗಿ ಬಂದ್ರೆ," ಅಂದರು, "ಅವಳು ಓದಿದ್ದೇ ಸರಿ ಅಂತ ಹೇಳು."

ರೀಡರ್ ಹುಡುಗಿ ಶುಕ್ರವಾರ ಬಂದಳು. ಮುಚ್ಚಳ ನಾನೇ ಎತ್ತಿಕೊಟ್ಟೆ. ಪೈಪು ಒಡೆದಿಲ್ಲ, ಎರಡು ವರ್ಷ ಅಂದಾಜಿಗೆ ಬರೆದಿದ್ದೇವೆ ಅಂದೆ. ಅವಳು ವರಾಂಡದ ಕಡೆ ಒಂದು ಸಲ ನೋಡಿ, ಯಾಕೆ ಅಂತ ಕೇಳಲಿಲ್ಲ. ಬಾಕಿಯನ್ನು ಆರು ಕಂತು ಮಾಡಿಸಿಕೊಡುತ್ತೇನೆ ಅಂತ ಮೆಲ್ಲಗೆ ಹೇಳಿ ಫೋಟೋ ತೆಗೆದುಕೊಂಡಳು.

ಮುಂದಿನ ಸೋಮವಾರ ನಾನು ಸ್ಕೂಟರ್ ತೆಗೆದೆ. ಮದುವೆಗೆ ಮೊದಲು ಓಡಿಸುತ್ತಿದ್ದೆ, ಕೈ ಮರೆತಿರಲಿಲ್ಲ. ಮಾವ ಕದ ಹಿಡಿದು ನಿಂತಿದ್ದರು. ಮೆಣಸು ತಾನಾಗೇ ಮುಂದೆ ಹತ್ತಿ ನಿಂತು, ಬ್ಯಾಗನ್ನು ಕಾಲ ನಡುವೆ ಇಟ್ಟುಕೊಂಡು, ಹ್ಯಾಂಡಲನ್ನು ಎರಡು ಕೈಯಲ್ಲಿ ಹಿಡಿದಳು. ಗಾಡಿ ಬೀದಿಗೆ ಇಳಿಯಿತು. ನನಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಮುಗಿಯಿತಲ್ಲ ಅಂದುಕೊಂಡೆ.

"ಎಡಗಡೆ ಗುಂಡಿ," ಅಂದಳು ಮೆಣಸು.

ನಾನು ತಪ್ಪಿಸಿದೆ.

"ಮುಂದೆ ನಾಯಿ. ನಿಂತಿದೆ. ಈಗ ಹೋಯ್ತು. ಬಸ್ಸು ಬರ್ತಿದೆ, ನಿಧಾನ. ಇನ್ನೂ ನಿಧಾನ. ಸಿಗ್ನಲ್ ಕೆಂಪು. ಬ್ರೇಕು."

ಅವಳ ದನಿಯಲ್ಲಿ ಆಟ ಇರಲಿಲ್ಲ. ಲ್ಯಾಬಿನಲ್ಲಿ ನಾವು ಒಬ್ಬರಿಗೊಬ್ಬರು ಸೀಸೆಯ ನಂಬರು ಹೇಳುವ ದನಿ ಅದು. ಬಗ್ಗಿ ಅವಳ ಮುಖ ನೋಡಿದೆ. ಕಣ್ಣು ಅಗಲ ಬಿಟ್ಟುಕೊಂಡು, ರಸ್ತೆಯ ಮೇಲಿಂದ ತೆಗೆಯದೆ ನಿಂತಿದ್ದಳು.

"ಅಮ್ಮಂಗೆ ಕಾಣುತ್ತೆ ಪುಟ್ಟ. ಯಾಕೆ ಹೇಳ್ತಿದೀಯ?"

"ತಾತಂಗೆ ಹೇಳ್ತಿದ್ದೆ."

"ಯಾವಾಗಿಂದ?"

"ಯಾವಾಗ್ಲೂ. ಚಿಕ್ಕೋಳಿದ್ದಾಗಿಂದ. ನಾನಿಲ್ಲದಾಗ ತಾತ ಗಾಡಿ ತಳ್ಕೊಂಡೇ ಓಡಾಡ್ತಿದ್ರು. ಹಸಿರು ಬಂತು ಅಮ್ಮ, ಹೋಗು."

ನನಗೆ ಹೋಗಲು ಆಗಲಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಹೇಗೋ ಗಾಡಿಯನ್ನು ಕಾಲಲ್ಲಿ ತಳ್ಳಿಕೊಂಡು ರಸ್ತೆಯ ಪಕ್ಕಕ್ಕೆ ತಂದೆ. ಇದು ಶುರುವಾದಾಗ ಐದು ವರ್ಷದ ಮಗು. ಗಾಡಿ ಓಡಿಸಿದ್ದು ಅಭ್ಯಾಸ ಅಲ್ಲ, ಇವಳು. ಯಾರಿಗೂ ಹೇಳಬಾರದು ಅಂತ ತಾತ ಹೇಳಿದ್ದರಾ ಅಂತ ಕೇಳಿದೆ.

"ಇಲ್ಲ. ಇದೊಂದು ಆಟ ಅಂದಿದ್ರು. ಆಮೇಲೆ ನಂಗೇ ಗೊತ್ತಾಯ್ತು, ಆಟ ಅಲ್ಲ ಅಂತ."

"ನಮಗ್ಯಾಕೆ ಹೇಳ್ಲಿಲ್ಲ ಕಂದ?"

"ಹೇಳಿದ್ರೆ ತಾತಂಗೆ ಬೈತಿದ್ರಿ." ಆಮೇಲೆ ಅವಳೇ ಅಂದಳು: "ನಾನು ಸೀನು ಬಂದ್ರೂ ಕಣ್ಣು ಮುಚ್ತಿರಲಿಲ್ಲ ಅಮ್ಮ. ಮೂಗು ಹಿಡ್ಕೋತಿದ್ದೆ. ನಿದ್ದೆ ಬಂದ್ರೆ ಕೈ ಚಿವುಟ್ಕೋತಿದ್ದೆ."

ಅವಳ ಎಡಗೈಯ ಒಳಭಾಗ ತಿರುಗಿಸಿ ನೋಡಿದೆ. ಸಣ್ಣ ಸಣ್ಣ ಉಗುರಿನ ಗುರುತುಗಳು, ಹಳೆಯವು, ಹೊಸವು. ದಿನಾ ಸ್ನಾನ ಮಾಡಿಸಿದ ಕೈ ಅದು. ನಾನು ಅವಳನ್ನು ಹಿಂದಿನಿಂದ ಅಪ್ಪಿಕೊಂಡು ನಿಂತೆ. ಅಳಬಾರದು, ಇವಳು ಹೆದರುತ್ತಾಳೆ ಅಂತ ತುಟಿ ಕಚ್ಚಿಕೊಂಡೆ. ಹೊತ್ತಾಯಿತು, ಗಂಟೆ ಹೊಡೆಯುತ್ತದೆ ಅಂತ ಅವಳೇ ಅವಸರ ಮಾಡಿದಳು. ಗಾಡಿ ಶುರು ಮಾಡಿದೆ. ಅವಳು ಅಭ್ಯಾಸಬಲದಿಂದ ಮತ್ತೆ ನೆಟ್ಟಗೆ ನಿಂತಳು. ಆಮೇಲೆ ಏನೋ ಯೋಚಿಸಿ, ಕತ್ತು ತಿರುಗಿಸಿ ಕೇಳಿದಳು:

"ಅಮ್ಮ, ಈಗ ನಾನು ಕಣ್ಣು ಮುಚ್ಕೋಬಹುದಾ?"

"ಮುಚ್ಕೋ," ಅಂದೆ.

ಅವಳು ನನ್ನ ಎದೆಗೆ ಒರಗಿ ಕಣ್ಣು ಮುಚ್ಚಿದಳು. ಮೇಲ್ಸೇತುವೆ ಇಳಿಯುವಷ್ಟರಲ್ಲಿ ತಲೆ ವಾಲಿತು, ನಿದ್ದೆ ಹೋಗಿದ್ದಳು. ನಾನು ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು, ರಸ್ತೆಯ ಅಂಚಿನಲ್ಲಿ, ನಡೆದು ಹೋಗುವವರ ಜೊತೆಜೊತೆಗೆ ಗಾಡಿ ಓಡಿಸಿದೆ.